ವಿಜ್ಞಾನವೂ ಒಂದು ನಂಬಿಕೆಯೇ ಎಂದವರಿಗೆ

ಮೊನ್ನೆ ಬಳ್ಳಾರಿಯ ಕಾಲೇಜೊಂದರಲ್ಲಿ ನಡೆದ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯಲ್ಲಿ ಮುಖ್ಯ ಅತಿಥಿಗಳು ಆಡಿದ ಮಾತೊಂದು ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. "ನೀವು ಎಲೆಕ್ಟ್ರಾನನ್ನು ಕಣ್ಣಾರೆ ಕಂಡಿದ್ದೀರಾ? ಇಲ್ಲ, ಆದರೂ ನಂಬುತ್ತೀರಿ. ನಾನು ದೇವರನ್ನು ಕಂಡಿಲ್ಲ, ಆದರೂ ನಂಬುತ್ತೇನೆ. ಹಾಗಾದರೆ ನಿಮಗೂ ನನಗೂ ಏನು ವ್ಯತ್ಯಾಸ?" ಎಂದು ಅವರು ಕೇಳಿದಾಗ ಸಭಾಂಗಣದ ತುಂಬ ಚಪ್ಪಾಳೆ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದ್ದಕ್ಕೆ ನನಗೆ ಬೇಸರವಿಲ್ಲ, ಸೊಗಸಾಗಿ ಮಾತನಾಡುವವರಿಗೆ ಆ ವಯಸ್ಸಿನಲ್ಲಿ ಯಾರಾದರೂ ತಟ್ಟುತ್ತಾರೆ. ವೇದಿಕೆಯ ಮೇಲಿದ್ದ ವಿಜ್ಞಾನದ ಅಧ್ಯಾಪಕರೂ ತಲೆದೂಗಿದರಲ್ಲ, ಅದು ನನ್ನನ್ನು ಕೆರಳಿಸಿತು. ಭಾಷಣದ ಬೆನ್ನಿಗೇ ವಂದನಾರ್ಪಣೆ ನಡೆದು, ಪ್ರಶ್ನೆ ಕೇಳಲು ಯಾರಿಗೂ ಅವಕಾಶವಿಲ್ಲದೆ ಸಭೆ ಮುಗಿಯಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಂಡದ್ದೋ ಕಾಣದ್ದೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನಾನು ಹೇಳಿದ ಮಾತು ಸುಳ್ಳು ಎಂದು ತೋರಿಸಲು ಎದುರಿಗಿರುವವರಿಗೆ ದಾರಿ ಇದೆಯೇ, ಆ ದಾರಿಯಲ್ಲಿ ನಾನು ಸೋತರೆ ಸೋಲನ್ನು ಒಪ್ಪಬೇಕಾಗುತ್ತದೆಯೇ ಎಂಬುದೇ ಪ್ರಶ್ನೆ. ಅತಿಥಿಗಳು ಎತ್ತಿಕೊಂಡ ಎಲೆಕ್ಟ್ರಾನನ್ನೇ ನೋಡೋಣ. 1897ರಲ್ಲಿ ಜೆ.ಜೆ. ಥಾಮ್ಸನ್ ಅದರ ಇರವನ್ನು ತೋರಿಸಿದ ಮೇಲೆ, ರಾಬರ್ಟ್ ಮಿಲಿಕನ್ ಎಣ್ಣೆಯ ಸಣ್ಣ ಹನಿಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿ ಅದರ ವಿದ್ಯುದಂಶವನ್ನು ಅಳೆದು, 1913ರಲ್ಲಿ ಒಂದು ಮೌಲ್ಯವನ್ನು ಪ್ರಕಟಿಸಿದರು. 1923ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಹರಳುಗಳ ಮೇಲೆ ಎಕ್ಸ್-ಕಿರಣ ಹಾಯಿಸಿ ಅದೇ ವಿದ್ಯುದಂಶವನ್ನು ಬೇರೆ ದಾರಿಯಿಂದ ಲೆಕ್ಕ ಹಾಕಿದವರಿಗೆ ಸ್ವಲ್ಪ ಹೆಚ್ಚಿನ ಸಂಖ್ಯೆ ಸಿಕ್ಕಿತು. ಎರಡೂ ಸರಿಯಿರಲು ಸಾಧ್ಯವಿರಲಿಲ್ಲ. ಹುಡುಕಿ ನೋಡಿದಾಗ, ಮಿಲಿಕನ್ ಬಳಸಿದ್ದ ಗಾಳಿಯ ಸ್ನಿಗ್ಧತೆಯ (ಹನಿ ಬೀಳುವಾಗ ಗಾಳಿ ಒಡ್ಡುವ ತಡೆಯನ್ನು ನಿರ್ಧರಿಸುವ ಗುಣದ) ಮೌಲ್ಯವೇ ತಪ್ಪಾಗಿತ್ತು ಎಂದು 1930ರ ದಶಕದಲ್ಲಿ ಗೊತ್ತಾಯಿತು. ವ್ಯತ್ಯಾಸ ಶೇಕಡಾ ಒಂದಕ್ಕೂ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಬಿಡದೆ, ನೊಬೆಲ್ ಪಡೆದವರ ಸಂಖ್ಯೆಯನ್ನು ತಿದ್ದಿ ಪಠ್ಯಪುಸ್ತಕಕ್ಕೆ ಸೇರಿಸಿದರು. ಯಾವ ದೇವರ ವಿಷಯದಲ್ಲಿ, ಯಾವ ಭಕ್ತರು ಇಂಥ ತಿದ್ದುಪಡಿಯನ್ನು ತಾವಾಗಿಯೇ ಹುಡುಕಿಕೊಂಡು ಹೋಗುತ್ತಾರೆ? ಹೋಗಬೇಕೆಂದು ನಾನೂ ಹೇಳುತ್ತಿಲ್ಲ.

ಆ ಮಾತು ಆಡಿದ್ದು ಫೆಬ್ರುವರಿ 28ರಂದು ಎಂಬುದು ನನಗೆ ಇನ್ನಷ್ಟು ನೋವು ತಂದಿತು. 1928ರ ಆ ದಿನ ಕಲ್ಕತ್ತೆಯಲ್ಲಿ ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ದ್ರವಗಳಲ್ಲಿ ಬೆಳಕು ಚದುರುವಾಗ ಅದರ ಒಂದಂಶ ಬಣ್ಣ ಬದಲಿಸುವುದನ್ನು ಖಚಿತಪಡಿಸಿಕೊಂಡರು. ಅದೇ ಕಾಲದಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಎಂಬ ಇಬ್ಬರು, ಇವರ ಕೆಲಸದ ಸುಳಿವೇ ಇಲ್ಲದೆ, ಸ್ಫಟಿಕದ ಹರಳಿನಲ್ಲಿ ಅದನ್ನೇ ಕಂಡರು. ಅಮೆರಿಕದ ಆರ್.ಡಬ್ಲ್ಯೂ. ವುಡ್ ಪ್ರಯೋಗವನ್ನು ತಾವೇ ಮಾಡಿ ನೋಡಿ, ಅದೇ ವರ್ಷ ರಾಮನ್ ಸರಿ ಎಂದು ಬರೆದರು. ಮಾಸ್ಕೋದ ಆ ಇಬ್ಬರಾಗಲಿ, ವುಡ್ ಆಗಲಿ ರಾಮನ್ನರ ಶಿಷ್ಯರಲ್ಲ, ಯಾರೂ ಅವರಿಂದ ದೀಕ್ಷೆ ಪಡೆದವರಲ್ಲ. ಈ ಹೊರಗಿನವರ ಉಪಕರಣದಲ್ಲಿ ಆ ಬೆಳಕು ಕಾಣದೆ ಹೋಗಿದ್ದರೆ ನಾವು ಈ ದಿನವನ್ನು ಆಚರಿಸುತ್ತಲೇ ಇರುತ್ತಿರಲಿಲ್ಲ. ಯಾವ ಪರೀಕ್ಷೆಯನ್ನು ಗೆದ್ದ ನೆನಪಿಗೆ ಆ ವೇದಿಕೆ ಕಟ್ಟಿದ್ದರೋ, ಆ ಪರೀಕ್ಷೆಗೆ ಬೆಲೆಯೇ ಇಲ್ಲ ಎಂಬ ಮಾತನ್ನು ಅದೇ ವೇದಿಕೆಯಿಂದ ಕೇಳಬೇಕಾಯಿತು.

ನನ್ನನ್ನು ಬಲ್ಲ ಗೆಳೆಯರಿಗೆ ಗೊತ್ತು, ನಾನು ದೇವರನ್ನು ಹೀಗಳೆಯುವವನಲ್ಲ. ಕೊಪ್ಪಳ ಕಡೆಯ ಒಣಬೇಸಾಯದ ಮನೆಯಲ್ಲಿ ಹುಟ್ಟಿದವನು ನಾನು. ಮಳೆ ಬಂದ ವರ್ಷ ಅವ್ವ ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಉಡಿ ತುಂಬಿ ಬರುತ್ತಿದ್ದಳು. ಬರ ಬಿದ್ದ ವರ್ಷವೂ ಹೋಗಿ ಉಡಿ ತುಂಬಿ ಬರುತ್ತಿದ್ದಳು. ಒಮ್ಮೆ ಬೆಳೆಯೆಲ್ಲ ಒಣಗಿದಾಗ, "ಇಷ್ಟು ನಡಕೊಂಡರೂ ತಾಯಿ ಏನ್ ಕೊಟ್ಟಳವ್ವಾ?" ಎಂದು ನಾನು ಕೇಳಿದ್ದೆ. "ಕೊಟ್ಟರ ಅಷ್ಟ ತಾಯಿ ಏನಪಾ?" ಎಂದಳು. ಅದು ನಂಬಿಕೆ. ಅದಕ್ಕೆ ತನ್ನದೇ ಘನತೆಯಿದೆ, ಮತ್ತು ಫಲಿತಾಂಶ ಏನೇ ಬಂದರೂ ಕೈಬಿಡುವುದಿಲ್ಲ ಎಂಬುದೇ ಆ ಘನತೆಯ ಮೂಲ. ಅವ್ವನ ಭಕ್ತಿಯನ್ನೂ ಮಿಲಿಕನ್ನರ ಎಣ್ಣೆ ಹನಿಯನ್ನೂ ಒಂದೇ ತಕ್ಕಡಿಗೆ ಹಾಕಿದವರು ವಿಜ್ಞಾನಕ್ಕೆ ಮಾತ್ರ ಅನ್ಯಾಯ ಮಾಡಲಿಲ್ಲ. ಮಳೆಯ ಲೆಕ್ಕ ಇಡದೆ ದೇವರನ್ನು ಪ್ರೀತಿಸಿದ ಅವ್ವನನ್ನೂ ಅವರು ಅರ್ಥ ಮಾಡಿಕೊಳ್ಳಲಿಲ್ಲ.

ಓದಿಕೊಂಡವರು ಇದಕ್ಕೆ ಇನ್ನೊಂದು ಆಕ್ಷೇಪ ತೆಗೆಯುತ್ತಾರೆ. ನಿಸರ್ಗ ನಿನ್ನೆ ನಡೆದುಕೊಂಡಂತೆಯೇ ನಾಳೆಯೂ ನಡೆದುಕೊಳ್ಳುತ್ತದೆ ಎಂದು ಯಾರೂ ಸಾಧಿಸಿ ತೋರಿಸಿಲ್ಲ, ಹದಿನೆಂಟನೇ ಶತಮಾನದಲ್ಲೇ ತತ್ವಜ್ಞಾನಿ ಡೇವಿಡ್ ಹ್ಯೂಮ್ ಇದನ್ನು ಎತ್ತಿ ಹೇಳಿದ್ದಾನೆ, ಹಾಗಾಗಿ ವಿಜ್ಞಾನದ ಅಡಿಪಾಯವೂ ನಂಬಿಕೆಯೇ ಎನ್ನುತ್ತಾರೆ. ಹ್ಯೂಮ್ ಕೇಳಿದ್ದು ದೊಡ್ಡ ಪ್ರಶ್ನೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ನಿರೀಕ್ಷೆ ವಿಜ್ಞಾನದ ಖಾಸಗಿ ಆಸ್ತಿಯಲ್ಲ. ಜೋಳ ಬಿತ್ತಿದರೆ ಜೋಳವೇ ಹುಟ್ಟುತ್ತದೆ ಎಂದುಕೊಂಡ ರೈತನದೂ, ದೀಪಕ್ಕೆ ಎಣ್ಣೆ ಹಾಕುವ ಪೂಜಾರಿಯದೂ ಅದೇ ನಿರೀಕ್ಷೆ. ಎಲ್ಲರೂ ನಿಂತ ನೆಲವನ್ನು ತೋರಿಸಿ ಒಬ್ಬರ ಮನೆಯ ಅಡಿಪಾಯ ಮಾತ್ರ ಸಡಿಲ ಎನ್ನುವುದು ನ್ಯಾಯವಲ್ಲ. ಇಷ್ಟಕ್ಕೂ ನಿಸರ್ಗಕ್ಕೆ ಕ್ರಮವಿದೆ ಎಂದು ಹೊರಡುವ ವಿಜ್ಞಾನಿ, ಆ ಕ್ರಮ ತಾನು ಬರೆದ ಸೂತ್ರದಂತೆಯೇ ಇರಬೇಕೆಂದು ಹಟ ಹಿಡಿಯುವಂತಿಲ್ಲ.

ಹಟ ಹಿಡಿದವರ ಕಥೆಯನ್ನೇ ಕೇಳಿ. ಯುರೇನಸ್ ಗ್ರಹ ಲೆಕ್ಕ ತಪ್ಪಿ ಚಲಿಸುತ್ತಿದೆ, ಅದರಾಚೆ ಇನ್ನೊಂದು ಗ್ರಹವಿರಬೇಕು ಎಂದು ಫ್ರಾನ್ಸಿನ ಖಗೋಳಜ್ಞ ಲವೆರಿಯೇ ನ್ಯೂಟನ್ನನ ಸೂತ್ರದಿಂದ ಲೆಕ್ಕ ಹಾಕಿ ಅದರ ಜಾಗವನ್ನು ತಿಳಿಸಿದ. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಮುಂದೆ ಬುಧ ಗ್ರಹದ ಕಕ್ಷೆಯಲ್ಲೂ ಅಂಥದೇ ವ್ಯತ್ಯಾಸ ಕಂಡಾಗ, 1859ರಲ್ಲಿ ಲವೆರಿಯೇ ಅದೇ ಸೂತ್ರದ ಬಲದಿಂದ ಬುಧನಿಗೂ ಸೂರ್ಯನಿಗೂ ನಡುವೆ ಇನ್ನೊಂದು ಗ್ರಹವಿರಬೇಕು ಎಂದ. ಅದಕ್ಕೆ ವಲ್ಕನ್ ಎಂಬ ಹೆಸರೂ ಬಂತು. ಕಂಡೆವು ಎಂದವರೂ ಇದ್ದರು. 1877ರಲ್ಲಿ ಸಾಯುವತನಕ ಲವೆರಿಯೇ ಅದು ಇದೆ ಎಂದೇ ನಂಬಿದ್ದ. ಆತನ ಕೀರ್ತಿಗಾಗಲಿ, ಸೂತ್ರ ಕೊಟ್ಟ ನ್ಯೂಟನ್ನನ ಹೆಸರಿಗಾಗಲಿ ಆಕಾಶ ತಲೆಬಾಗಲಿಲ್ಲ. ಆ ವ್ಯತ್ಯಾಸ ಶತಮಾನಕ್ಕೆ 43 ಆರ್ಕ್ ಸೆಕೆಂಡು ಮಾತ್ರ, ಅಂದರೆ ಒಂದು ಡಿಗ್ರಿಯ ಎಂಬತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಿದ್ಧಾಂತದಿಂದ ಅದನ್ನು ವಿವರಿಸಿದಾಗ ವಲ್ಕನ್ ಬೇಡವಾಯಿತು, ಎರಡು ಶತಮಾನ ಮೆರೆದ ಸೂತ್ರವೂ ತನ್ನ ಮಿತಿಯನ್ನು ಒಪ್ಪಿಕೊಂಡಿತು. ವಿಜ್ಞಾನಿಗಳೂ ಮನುಷ್ಯರು, ಅವರೂ ತಮ್ಮ ಮಾತಿಗೆ ಜೋತು ಬೀಳುತ್ತಾರೆ ಎಂದು ನನಗೆ ಯಾರೂ ನೆನಪಿಸಬೇಕಾಗಿಲ್ಲ. ಲವೆರಿಯೇ ನಂಬಿದ, ಖಗೋಳ ವಿಜ್ಞಾನ ನಂಬಲಿಲ್ಲ.

ಇಷ್ಟು ದೂರ ಹೋಗುವುದೂ ಬೇಡ. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ಬೂದಿಯ ದೊಡ್ಡ ದಿಬ್ಬವಿದೆ. ಇಂಥವು ನಮ್ಮ ಭಾಗದಲ್ಲಿ ಹಲವು ಇವೆ. ಹಂಪಿಯ ಪಕ್ಕದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎನ್ನುತ್ತಾರೆ, ಆ ಮಾತು ಈಗಲೂ ಹಾಗೆಯೇ ಉಳಿದಿದೆ. ಹತ್ತೊಂಬತ್ತನೇ ಶತಮಾನದ ವಿದ್ವಾಂಸರಲ್ಲಿ ಕೆಲವರು ಜ್ವಾಲಾಮುಖಿ ಎಂದರು, ಕೆಲವರು ಕುಲುಮೆ ಎಂದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸೆಗಣಿ ಎಂದರು. ಆಗ ಅದೂ ಒಂದು ಊಹೆಯೇ. 1960ರಲ್ಲಿ ಝಾಯ್ನರ್ ಎಂಬವರು ಕುಡತಿನಿಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸೆಗಣಿಯೇ ಎಂದು ತೋರಿಸಿದರು. ರಾಯಚೂರಿನಿಂದ ಕೃಷ್ಣೆ ದಾಟಿದರೆ ಸಿಗುವ ಉಟ್ನೂರಿನ ಬೂದಿ ದಿಬ್ಬವನ್ನು ಅಗೆದ ಪುರಾತತ್ವಜ್ಞ ಆಲ್ಚಿನ್ ಅವರಿಗೆ ನವಶಿಲಾಯುಗದ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಅಲ್ಲಿಗೂ ಮಾತು ಮುಗಿಯಲಿಲ್ಲ. ಸುರಪುರ ಸೀಮೆಯ ಬೂದಿಹಾಳವನ್ನು ಅಗೆದ ಕೆ. ಪದ್ದಯ್ಯನವರು ಅಲ್ಲಿ ಜನವಸತಿಯೂ ಇತ್ತೆಂದು ತೋರಿಸಿ, ದಿಬ್ಬ ಎಂದರೆ ಬರೀ ದನದ ದೊಡ್ಡಿ ಎಂಬ ತಿಳಿವಳಿಕೆಯನ್ನು ಮತ್ತೆ ಚರ್ಚೆಗೆ ಎಳೆದರು. ವಾಲಿಯ ಕಥೆಗೆ ಇದ್ಯಾವುದೂ ತಾಗುವುದಿಲ್ಲ, ತಾಗಬೇಕಾಗಿಯೂ ಇಲ್ಲ. ಆದರೆ ಎರಡೂ ಒಂದೇ ಬಗೆಯ ಮಾತು ಎಂದು ಮಕ್ಕಳಿಗೆ ಹೇಳಬೇಡಿ.

"ಸಾಮಾನ್ಯ ಜನ ಪ್ರಯೋಗ ಮಾಡಿ ನೋಡುತ್ತಾರೇನು, ದೊಡ್ಡವರು ಹೇಳಿದ್ದನ್ನು ನಂಬುತ್ತಾರೆ ಅಷ್ಟೇ" ಎಂದು ಕಾರ್ಯಕ್ರಮದ ನಂತರ ಗೆಳೆಯರೊಬ್ಬರು ಅತಿಥಿಗಳ ಪರವಾಗಿ ವಾದಿಸಿದರು. ನಿಜ, ಎಂಜಿನಿಯರು ಹಾಕಿದ ಲೆಕ್ಕವನ್ನು ನಾವು ಯಾರೂ ತಿರುಗಿ ಹಾಕುವುದಿಲ್ಲ. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಏನಾಯಿತು? ಲೆಕ್ಕ ಎಲ್ಲಿ ತಪ್ಪಿತು, ಉಸ್ತುವಾರಿ ಯಾರದು ಎಂದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ರೈತರು ಕೇಳಿದರು, ಕೇಳುವ ಹಕ್ಕು ಅವರಿಗಿತ್ತು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗದಲ್ಲಿ ಇಳಿಸುವ ತಾತ್ಕಾಲಿಕ ಉಕ್ಕಿನ ತಡೆ) ಇಳಿಸಿ ನೀರು ನಿಲ್ಲಿಸಿದರು, ಪರಿಣತರು ಉಳಿದ ಗೇಟುಗಳನ್ನೂ ಪರಿಶೀಲಿಸಿದರು. ಅಣೆಕಟ್ಟೆಯ ಮೇಲೆ ಪೂಜೆಯೂ ನಡೆಯಿತು. ಸ್ಟಾಪ್‌ಲಾಗ್ ಕೂರದೆ ಹೋಗಿದ್ದರೆ ಎಂಜಿನಿಯರುಗಳು ಉತ್ತರ ಹೇಳಬೇಕಿತ್ತು. ಪೂಜೆಯಿಂದ ಯಾರೂ ಉತ್ತರ ಕೇಳುತ್ತಿರಲಿಲ್ಲ.

ಆದರೂ ಆ ಗೆಳೆಯರ ಮಾತಿನಲ್ಲಿ ನನ್ನನ್ನು ಚುಚ್ಚುವ ಸತ್ಯವೊಂದಿದೆ. ನಮ್ಮ ತರಗತಿಗಳಲ್ಲಿ ವಿಜ್ಞಾನವನ್ನು ನಂಬಿಕೆಯಂತೆಯೇ ಉರು ಹೊಡೆಸಲಾಗುತ್ತಿದೆ. ದಾರಕ್ಕೆ ಗುಂಡು ಕಟ್ಟಿ ತೂಗಿಸುವ ಸರಳ ಲೋಲಕದ ಪ್ರಯೋಗ ಮಾಡಿದ ಹುಡುಗಿಯೊಬ್ಬಳಿಗೆ ಗುರುತ್ವ ವೇಗೋತ್ಕರ್ಷ 9.4 ಬಂತು. ಪುಸ್ತಕದಲ್ಲಿರುವುದು 9.8. ಪಕ್ಕದವರು "9.8 ಬರಿ, ಇಲ್ಲಾಂದ್ರ ಮಾರ್ಕ್ಸ್ ಹೋಗ್ತಾವ" ಎಂದರು. ಅವಳು ಬರೆಯಲಿಲ್ಲ, ನನ್ನ ಬಳಿ ಬಂದಳು. ದಾರದ ಉದ್ದವನ್ನು ಎಲ್ಲಿಯವರೆಗೆ ಅಳೆದೆ ಎಂದು ಕೇಳಿದೆ. ಕೊಕ್ಕೆಯವರೆಗೆ ಎಂದಳು. ಗುಂಡಿನ ನಡುಮಧ್ಯದವರೆಗೆ ಅಳೆಯಬೇಕಿತ್ತು. ಅರ್ಧ ಮೀಟರ್ ದಾರದಲ್ಲಿ ಎರಡು ಸೆಂಟಿಮೀಟರ್ ಬಿಟ್ಟುಹೋಗಿತ್ತು. ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಉತ್ತರ 9.8ರ ಹತ್ತಿರಕ್ಕೆ ಬಂದಿತು, ಅವಳ ಮುಖ ಅರಳಿತು. ಅವಳ ಪಕ್ಕದಲ್ಲಿ ಕುಳಿತವರ ರೆಕಾರ್ಡಿನಲ್ಲೆಲ್ಲ ಆಗಲೇ 9.8 ಇತ್ತು. ಅವರು ಅದನ್ನು ಎಲ್ಲಿಂದಲೂ ಅಳೆದಿರಲಿಲ್ಲ. ಆ ಮಕ್ಕಳೇ ನಾಳೆ "ಇದೂ ನಂಬಿಕೆ, ಅದೂ ನಂಬಿಕೆ" ಎಂಬ ಭಾಷಣಕ್ಕೆ ಚಪ್ಪಾಳೆ ತಟ್ಟುತ್ತಾರೆ, ಏಕೆಂದರೆ ಅವರ ಪಾಲಿಗೆ ಅದು ನಿಜವೇ.

ಆದ್ದರಿಂದ ಬಳ್ಳಾರಿ, ರಾಯಚೂರು, ಕೊಪ್ಪಳದ ಪಿಯು ಕಾಲೇಜುಗಳಲ್ಲಿ ಪಾಠ ಮಾಡುವ ಗೆಳೆಯರಲ್ಲಿ ನನ್ನ ಮನವಿ ಇಷ್ಟೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಗುವಿಗೆ 9.4 ಬಂದರೆ 9.4 ಎಂದೇ ಬರೆಯಲು ಬಿಡಿ. ಏಕೆ ಕಡಿಮೆ ಬಂತು ಎಂದು ವೈವಾದಲ್ಲಿ ಕೇಳಿ, ಸರಿಯಾಗಿ ಹೇಳಿದವರಿಗೆ ಪೂರ್ಣ ಅಂಕ ಕೊಡಿ.