ಮೂಲೆ ನೋಡುವ ಭಾವ

ನಿನ್ನೆ ರಾತ್ರಿ ಭಾವ ಮತ್ತೆ ಅದೇ ಕೆಲಸ ಮಾಡಿದರು. ಪ್ರವಾಸದ ಫೋಟೋ ನೋಡಲಿ ಅಂತ ಫೋನ್ ಕೈಗೆ ಕೊಟ್ಟೆ. ಕೊಟ್ಟಿದ್ದೇ ತಪ್ಪು. ಹೆಬ್ಬೆರಳು, ತೋರುಬೆರಳು ಎರಡನ್ನೂ ಜೋಡಿಸಿ ಪರದೆ ಮೇಲಿಟ್ಟು ಸರ್ರನೆ ಅಗಲಿಸಿದರು. ಬೆಟ್ಟದ ನೆತ್ತಿಯಿಂದ ಮೋಡ ಹಾಲು ಉಕ್ಕಿದ ಹಾಗೆ ಇಳಿಯುತ್ತಿತ್ತು. ಅದು ಅವರಿಗೆ ಬೇಡ. ಮೋಡ ಬಿಟ್ಟು, ಬೆಟ್ಟ ಬಿಟ್ಟು ಕೆಳಗಿನ ಎಡಮೂಲೆಗೆ ಹೋದರು. ಅಲ್ಲೊಂದು ಪೊದೆ. ಪೊದೆಯಲ್ಲೊಂದು ಎಲೆ. ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ನಾಡಿ ಹಿಡಿದ ವೈದ್ಯರ ಥರ ತಲೆ ಅಲ್ಲಾಡಿಸಿದರು.

"ಮೂಲೆ ಮೆತ್ತಗಿದೆಯಲ್ಲೋ."

ಮೆತ್ತಗಿದೆ ಅಂದರೆ ಶಾರ್ಪ್ ಇಲ್ಲ ಅಂತ. ದೂರದ್ದನ್ನು ಹತ್ತಿರ ತೋರಿಸುವ ಅಗ್ಗದ ಟೆಲಿ ಜೂಮ್ ಲೆನ್ಸ್‌ಗಳಲ್ಲಿ, ಅದರಲ್ಲೂ ಜೂಮ್ ಪೂರ್ತಿ ಎಳೆದಾಗ, ಫೋಟೋದ ನಡುಭಾಗ ಚೆನ್ನಾಗಿ ಬಂದು ಮೂಲೆಗಳು ಸ್ವಲ್ಪ ಮಸುಕಾಗುವುದುಂಟು. ಬೆಳಕು ಬಿಡುವ ಕಿಂಡಿಯನ್ನು ಎಫ್8ಕ್ಕೆ ಇಳಿಸಿದರೆ (ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಬಹಳ ಮಟ್ಟಿಗೆ ಸರಿಹೋಗುತ್ತದೆ. ಇದು ನನಗೆ ಗೊತ್ತು. ನನಗೆ ಗೊತ್ತು ಅನ್ನುವುದು ಭಾವನಿಗೂ ಗೊತ್ತು. ಆದರೂ ಪ್ರತಿ ಸಲ ಹೊಸದಾಗಿ ಕಂಡುಹಿಡಿದವರ ಹಾಗೆ ಹೇಳುತ್ತಾರೆ.

ಇದು ನನ್ನ ಫೋಟೋಗೆ ಮಾತ್ರ ಮೀಸಲಾದ ಕಾಯಿಲೆಯಲ್ಲ. ನನ್ನ ಮಗಳು ಹುಟ್ಟಿದ ದಿನ ತೆಗೆದ ಮೊದಲ ಫೋಟೋ ತೋರಿಸಿದಾಗ ಮಗುವಿನ ಮುಖ ದಾಟಿಕೊಂಡು ಹೋಗಿ ತೊಟ್ಟಿಲ ಕಾಲು ನೋಡಿದ್ದರು. ಗುಂಪು ಫೋಟೋ ಕೊಟ್ಟರೆ ನಡುವೆ ನಿಂತ ಸ್ವಂತ ಹೆಂಡತಿ ಕಾಣುವುದಿಲ್ಲ. ತುದಿಯಲ್ಲಿ ನಿಂತ, ಯಾರಿಗೂ ಪರಿಚಯವಿಲ್ಲದ ಒಬ್ಬರ ಕಿವಿ ಕಾಣುತ್ತದೆ. ಒಂದು ಸಲ ಅಕ್ಕ ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಂಡು ಬಂದು, "ಹೇಗಿದ್ದೀನಿ?" ಅಂತ ಕೇಳಿದಳು. ಭಾವ ಆ ಅಂಗೈಯಗಲವೂ ಇಲ್ಲದ ಕಾಗದದ ಮೇಲೆ ಎರಡು ಬೆರಳಿಟ್ಟು ಅಗಲಿಸಲು ನೋಡಿದರು. ಅಕ್ಕ ಎರಡು ದಿನ ಮಾತಾಡಲಿಲ್ಲ.

ಇಷ್ಟೆಲ್ಲ ಇದ್ದೂ ಅವರ ಹತ್ತಿರ ಟೆಲಿ ಲೆನ್ಸ್ ಇಲ್ಲ. ಆರು ವರ್ಷದಿಂದ ಆರಿಸುತ್ತಿದ್ದಾರೆ.

ಅಂಥವರ ಹತ್ತಿರ ನಾನು ಲೆನ್ಸ್ ಯಾವುದು ತಗೊಳ್ಳಲಿ ಅಂತ ಸಲಹೆ ಕೇಳಿದೆ. ಬುದ್ಧಿ ಅನ್ನುವುದು ಪೆಟ್ಟು ತಿಂದ ಮೇಲೇ ಬರುವುದು, ಅಲ್ವಾ?

ನನಗೆ ಬೇಕಿದ್ದದ್ದು ಇಷ್ಟೇ. ಕ್ಯಾಮೆರಾ ಜೊತೆ ಬಂದ 18-55 ಮಿಲಿಮೀಟರಿನ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ) ಲೆನ್ಸ್‌ನಲ್ಲಿ ದೂರದ್ದೆಲ್ಲ ಸಾಸಿವೆ ಕಾಳು. ಗೋಪುರದ ಮೇಲಿನ ಕೆತ್ತನೆ ಅಂತ ತೆಗೆದರೆ ಗೋಪುರ, ಆಕಾಶ, ಕರೆಂಟು ತಂತಿ ಎಲ್ಲ ಬರುತ್ತದೆ, ಕೆತ್ತನೆ ಬಿಟ್ಟು. ದೂರದ್ದು ಹತ್ತಿರ ಕಾಣಬೇಕು, ಹೊತ್ತು ತಿರುಗುವಂತಿರಬೇಕು, ಜೇಬಿಗೆ ತೂತು ಬೀಳಬಾರದು. ಮೂರೇ ಆಸೆ.

ಭಾವ ಮೊದಲು 70-200 ಎಫ್2.8 ಅಂದರು. ಎಫ್5.6ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದಂತೆ. ನಿಜವೇ. ಆದರೆ ಅಂಥ ಲೆನ್ಸ್ ಹೆಚ್ಚುಕಡಿಮೆ ಒಂದೂವರೆ ಕಿಲೋ ತೂಗುತ್ತದೆ, ಬೆಲೆಯಲ್ಲಿ ಇನ್ನೊಂದು ಪ್ರವಾಸ ಮುಗಿಸಿ ಬರಬಹುದು. ಆಮೇಲೆ 70-300 ಅಂದರು. ಆಮೇಲೆ 18ರಿಂದ 400ರವರೆಗೆ ಒಂದೇ ಲೆನ್ಸ್‌ನಲ್ಲಿ ಮುಗಿಸುವ ಟ್ಯಾಮ್ರಾನ್ ಇದೆ, ಲೆನ್ಸ್ ಬದಲಿಸುವ ರಗಳೆಯೇ ಇಲ್ಲ ಅಂತ ಅವರೇ ಹೇಳಿ, ಮಾರನೇ ದಿನ ಅವರೇ ಅದರ ಮೂಲೆ ನೋಡಿ ಬೇಡ ಅಂದರು. ಸೆಕೆಂಡ್ ಹ್ಯಾಂಡ್ ನೋಡೋಣ ಅಂದರೆ, ಒಳಗೆ ಟಾರ್ಚ್ ಬಿಟ್ಟು ಬೂಷ್ಟು ಇದೆಯಾ ನೋಡು ಅಂದರು. ಇದೊಂದು ಮಾತ್ರ ಒಳ್ಳೆಯ ಸಲಹೆ.

ಹೆಸರುಗಳದ್ದೇ ಬೇರೆ ಗೋಳು. ಕೈ ನಡುಕ ತಡೆಯುವ ಸೌಲಭ್ಯ ಒಂದೇ. ಅದನ್ನು ಕ್ಯಾನನ್‌ನವರು ಐಎಸ್ ಅನ್ನುತ್ತಾರೆ, ನಿಕಾನ್‌ನವರು ವಿಆರ್, ಟ್ಯಾಮ್ರಾನ್‌ನವರು ವಿಸಿ, ಸಿಗ್ಮಾದವರು ಓಎಸ್, ಸೋನಿಯವರು ಓಎಸ್‌ಎಸ್. 1995ರಲ್ಲಿ ಕ್ಯಾನನ್‌ನ 75-300 ಲೆನ್ಸ್‌ಗೆ ಈ ಸೌಲಭ್ಯ ಬಂದಾಗ ಎಲ್ಲರೂ ಕೂತು ಒಂದೇ ಹೆಸರಿಟ್ಟಿದ್ದರೆ ಎಷ್ಟು ಜನರ ನಿದ್ದೆ ಉಳಿಯುತ್ತಿತ್ತೋ. ಒಂದೇ ಅಳತೆ, ಒಂದೇ ಮುಖ, ಹೆಸರಿನಲ್ಲಿ ಎರಡಕ್ಷರ ಮಾತ್ರ ಬೇರೆ ಇರುವ ಲೆನ್ಸ್‌ಗಳೂ ಇವೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕುಣಿದು ತಂದರೆ ಆ ಎರಡಕ್ಷರ ಇರುವುದಿಲ್ಲ. ಟೆಲಿಯಲ್ಲಿ ಆ ಎರಡಕ್ಷರವೇ ಜೀವ. ದೂರದ್ದು ಹತ್ತಿರ ಬಂದ ಹಾಗೆ ನಮ್ಮ ಕೈ ನಡುಕವೂ ಹತ್ತಿರ ಬರುತ್ತದೆ.

ಮೂರು ತಿಂಗಳು ಹೀಗೇ ಕಳೆಯಿತು. ಪ್ರವಾಸಕ್ಕೆ ನಾಲ್ಕು ದಿನ ಇದ್ದಾಗ ಭಾವನಿಗೆ ಹೇಳದೆ ಒಂದು 55-250 ತಂದುಬಿಟ್ಟೆ. ತೂಕ 375 ಗ್ರಾಂ. ನನ್ನ ಕ್ಯಾಮೆರಾದ ಸೆನ್ಸರ್, ಅಂದರೆ ಚಿತ್ರ ಮೂಡುವ ಫಲಕ, ಚಿಕ್ಕದು, ಹಾಗಾಗಿ 250 ಅನ್ನುವುದು ದೊಡ್ಡ ಸೆನ್ಸರ್‌ನ ಕ್ಯಾಮೆರಾದಲ್ಲಿ 400 ಹಾಕಿದಷ್ಟು ಹತ್ತಿರ ತೋರಿಸುತ್ತದೆ. ಚಿಕ್ಕದಾಗಿದ್ದೂ ಉಪಕಾರಕ್ಕೆ ಬಂದದ್ದು ನನ್ನ ಬದುಕಿನಲ್ಲಿ ಇದೊಂದೇ.

ಸಮುದ್ರ ತೀರಕ್ಕೆ ಹೋದ ಮೊದಲ ಬೆಳಗ್ಗೆಯೇ ಬಂಡೆಯ ಮೇಲೆ ಒಂದು ಮಿಂಚುಳ್ಳಿ. ನೀಲಿ ಅಂದರೆ ನೀಲಿ. ಸುಮ್ನೆ ಕೂತಿತ್ತು. ಕ್ಯಾಮೆರಾದಲ್ಲಿ ಇದ್ದದ್ದು 18-55.

ಲೆನ್ಸ್ ಬದಲಿಸಲು ಮನುಷ್ಯನಿಗೆ ಮೂರು ಕೈ ಬೇಕು. ದೇವರು ಎರಡು ಕೊಟ್ಟಿದ್ದಾನೆ. ಟೆಲಿಯ ಹಿಂದಿನ ಮುಚ್ಚಳ ತಿರುಗಿಸಿ ತೆಗೆದೆ, ಇಡಲು ಜಾಗವಿಲ್ಲದೆ ಬಾಯಲ್ಲಿ ಕಚ್ಚಿಕೊಂಡೆ. ಹಳೆ ಲೆನ್ಸ್ ಬಿಚ್ಚಿ ಕಂಕುಳಲ್ಲಿ ಸಿಗಿಸಿಕೊಂಡೆ. ಮರಳು ಗಾಳಿ ಬೇರೆ, ತೆರೆದ ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದು, ಲೆನ್ಸ್ ಕೂರಿಸುವ ಬಿಳಿ ಚೌಕದ ಗುರುತು ಹುಡುಕುತ್ತಿದ್ದೆ. ಆಗ ಹಿಂದಿನಿಂದ ಹೆಂಡತಿ.

"ರೀ, ಕಾರಿನ ಕೀ ನಿಮ್ಮ ಹತ್ರ ಇದ್ಯಾ?"

"ಊಂ ಊಂ."

"ಇದೆ ಅಂತಲೋ ಇಲ್ಲ ಅಂತಲೋ?"

"ಊಂ!"

"ಬಾಯಿ ಬಿಟ್ಟು ಹೇಳಿ, ಏನದು ಊಂ ಊಂ?"

ಬಾಯಿ ಬಿಟ್ಟೆ. ಮುಚ್ಚಳ ಮರಳಿಗೆ ಬಿತ್ತು. ಬಗ್ಗಿದೆ. ಕಂಕುಳಲ್ಲಿದ್ದ ಲೆನ್ಸ್ ಜಾರಿತು. ಅದನ್ನು ಮೊಣಕಾಲಿಂದ ತಡೆದೆ, ಹೇಗೆ ಅಂತ ಈಗ ಕೇಳಿದರೆ ಹೇಳಲಾರೆ. ಇಷ್ಟಾದರೂ ಮಿಂಚುಳ್ಳಿ ಕೂತೇ ಇತ್ತು. ಬಹುಶಃ ನನ್ನನ್ನೇ ನೋಡುತ್ತಿತ್ತು. ಕೊನೆಗೆ ಟಕ್ ಅಂತ ಲೆನ್ಸ್ ಕೂತಿತು. ಜೂಮ್ ಪೂರ್ತಿ ಎಳೆದೆ. ಇಪ್ಪತ್ತೊಂದು ಫೋಟೋ ಹೊಡೆದೆ.

ಇಪ್ಪತ್ತೊಂದೂ ಮಂಜು. ಲೆನ್ಸ್‌ನ ಪಕ್ಕದಲ್ಲಿ ಎರಡು ಪುಟ್ಟ ಸ್ವಿಚ್ ಇವೆ, ಬ್ಯಾಗಿನಲ್ಲಿ ಉಜ್ಜಿಕೊಂಡು ಆಟೋ ಫೋಕಸ್‌ನದ್ದು ಎಂಎಫ್‌ಗೆ (ಕೈಯಲ್ಲೇ ಫೋಕಸ್ ಮಾಡುವ ಕಡೆಗೆ) ಸರಿದಿತ್ತು. ವ್ಯೂಫೈಂಡರ್‌ನಲ್ಲಿ ಮಂಜಾಗಿ ಕಂಡದ್ದನ್ನು ನಾನು ಬೆವರು ಅಂದುಕೊಂಡಿದ್ದೆ. ಸ್ವಿಚ್ ಸರಿಮಾಡಿ ತಲೆ ಎತ್ತುವಷ್ಟರಲ್ಲಿ ಬಂಡೆ ಖಾಲಿ. ಬಂಡೆ ಮಾತ್ರ ಬಹಳ ಶಾರ್ಪಾಗಿ ಬಂದಿದೆ, ನಾಲ್ಕೂ ಮೂಲೆ ಸೇರಿ. ಭಾವ ಮೆಚ್ಚಿದ ಒಂದೇ ಫೋಟೋ ಅದು.

ಅಂದ ಹಾಗೆ, ಆ ದಿನ ಅಮ್ಮನ ಚಪ್ಪಲಿಯೂ ಕಳೆಯಿತು. ನೀರಿಗಿಳಿಯುವಾಗ ಬಿಟ್ಟದ್ದು ಎಲ್ಲಿ ಅಂತ ನೆನಪಾಗಲಿಲ್ಲ. ಅರ್ಧ ಗಂಟೆ ಎಲ್ಲರೂ ಹುಡುಕಿದೆವು. ಅಲೆ ಎಳೆದುಕೊಂಡು ಹೋಯಿತು ಅಂತ ತೀರ್ಮಾನಿಸಿ ಬರಿಗಾಲಲ್ಲೇ ಕಾರು ಹತ್ತಿಸಿದೆವು.

ಆದರೆ ಆ ಲೆನ್ಸ್‌ನಿಂದ ಒಂದು ಫೋಟೋ ಸಿಕ್ಕಿತು. ಅಮ್ಮ ಕ್ಯಾಮೆರಾ ಕಂಡರೆ ಸಾಕು, ಉಸಿರು ಕಟ್ಟಿ ಕಂಬದ ಹಾಗೆ ನಿಲ್ಲುತ್ತಾಳೆ. ಕ್ಲಿಕ್ ಅನ್ನುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತಾಳೆ. ನಮ್ಮ ಮನೆಯ ಫೋಟೋಗಳಲ್ಲೆಲ್ಲ ಅಮ್ಮ ನಿದ್ದೆ ಮಾಡುತ್ತಿದ್ದಾಳೆ. ಆ ಸಂಜೆ ಅವಳು ದೂರ, ನೀರಿನಂಚಿನಲ್ಲಿ ಒಬ್ಬಳೇ ಇದ್ದಳು. ಅಲೆ ಬಂದಾಗ ಹಿಂದೆ ಓಡುವುದು, ಹೋದಾಗ ಅದರ ಹಿಂದೆ ನಾಲ್ಕು ಹೆಜ್ಜೆ ಇಡುವುದು. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದಳು. ನಾನು ಅರವತ್ತು ಮೀಟರ್ ಹಿಂದೆ ನಿಂತು, 250ಕ್ಕೆ ಎಳೆದು, ಉಸಿರು ಬಿಗಿಹಿಡಿದು ಒತ್ತಿದೆ. ಕಣ್ಣು ಬಿಟ್ಟಿದ್ದಾಳೆ. ಬಾಯಿ ತುಂಬ ನಗುತ್ತಿದ್ದಾಳೆ. ಅಪ್ಪ ಇದ್ದಾಗ ಹೀಗೆ ನಗುತ್ತಿದ್ದಳು ಅಂತ ನೆನಪು. ಆಗ ನಮ್ಮ ಹತ್ತಿರ ಕ್ಯಾಮೆರಾ ಇರಲಿಲ್ಲ.

ನಿನ್ನೆ ರಾತ್ರಿ ಕೊನೆಗೆ ಆ ಫೋಟೋ ಬಂತು. ಭಾವ ಒಂದು ಕ್ಷಣ ಸುಮ್ಮನಾದರು. "ಅತ್ತೆ ಚೆನ್ನಾಗಿ ಬಂದಿದ್ದಾರೆ ಕಣೋ," ಅಂದರು. ನನ್ನ ಕಣ್ಣು ತೇವವಾಗುವುದರಲ್ಲಿತ್ತು. ಅಷ್ಟರಲ್ಲಿ ಆ ಎರಡು ಬೆರಳು ಪರದೆಗೆ ಇಳಿದವು. ಸರ್ರ್. ಕೆಳಗಿನ ಬಲಮೂಲೆ.

"ಇಲ್ಲಿ ನೋಡು, ಏನೋ ಎರಡು ಕಪ್ಪು ಮುದ್ದೆ. ಏನು ಅಂತಲೇ ಗೊತ್ತಾಗಲ್ಲ. ಎಷ್ಟು ಮೆತ್ತಗಿದೆ."

ತಡೆಯಲಾಗಲಿಲ್ಲ. ಅದು ಮೂಲೆಯ ತಪ್ಪಲ್ಲ ಭಾವ, ಅಮ್ಮನ ಮೇಲೆ ಫೋಕಸ್ ಇದೆ, ಇದು ಹತ್ತು ಮೀಟರ್ ಈಚೆಗಿದೆ, ಟೆಲಿಯಲ್ಲಿ ಮುಂದಿನದ್ದು ಮಸುಕಾಗೇ ಆಗುತ್ತೆ ಅಂತ ದನಿ ಏರಿಸಿದೆ. ಗಲಾಟೆಗೆ ಅಮ್ಮ ಒಳಗಿನಿಂದ ಬಂದಳು. ಫೋನ್ ಇಸಿದುಕೊಂಡಳು. ತನ್ನ ನಗುವನ್ನು ನೋಡಲೇ ಇಲ್ಲ.

"ಅಯ್ಯೋ, ಇದು ನನ್ನ ಚಪ್ಪಲಿ ಅಲ್ವೇನೋ!"

ಚಪ್ಪಲಿಯೇ. ನೀರಿನಿಂದ ದೂರ, ಒಣ ಮರಳಿನಲ್ಲಿ, ಜೋಡಿಯಾಗಿ, ನೀಟಾಗಿ. ನಾವು ಹುಡುಕಿದ್ದು ಬೇರೆ ದಿಕ್ಕಿನಲ್ಲಿ.

ಭಾವ ಕನ್ನಡಕವನ್ನು ಹಣೆಯಿಂದ ಇಳಿಸಿ ಮೂಗಿನ ಮೇಲೆ ಕೂರಿಸಿಕೊಂಡರು. ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ವಾಸಿಯಿತ್ತು.

ಇವತ್ತು ಬೆಳಗ್ಗೆಯಿಂದ ಫೋನ್ ಅಮ್ಮನ ಹತ್ತಿರವೇ ಇದೆ. ಹಿಂದಿನ ಪ್ರವಾಸದಲ್ಲಿ ಒಂದು ಕೊಡೆ ಕಳೆದಿತ್ತಂತೆ. ಎರಡು ಬೆರಳಿಟ್ಟು ಮೂಲೆ ಹುಡುಕುತ್ತಿದ್ದಾಳೆ.