ಹಣೆಯ ಬೂದಿ, ಚೀಲದ ಎರಡು ಕೆಜಿ

2024ರ ಫೆಬ್ರವರಿ 14. ಊರಿಗೆಲ್ಲ ಪ್ರೇಮಿಗಳ ದಿನ, ನಮ್ಮ ಕ್ರೈಸ್ತರಿಗೆ ಬೂದಿ ಬುಧವಾರ, ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ದಿನ. ಬೆಳಿಗ್ಗೆ ಪೂಜೆಗೆ ಹೋಗಿ, ಫಾದರ್ ಕೈಲಿ ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡು, ಕಾಫಿ ಕೂಡ ಕುಡಿಯದೆ ತೋಟಕ್ಕೆ ಬಂದೆ. (ಕಾಫಿ ಬೆಳೆಯುವವನಿಗೆ ಕಾಫಿ ಬಿಡುವುದಕ್ಕಿಂತ ದೊಡ್ಡ ಉಪವಾಸ ಇಲ್ಲ, ನಂಬಿ.) ಮೂಡಿಗೆರೆ ಕಡೆ ನಮ್ಮದು ನಾಲ್ಕು ಎಕರೆ ಚಿಲ್ಲರೆ. ರೋಬಸ್ಟ ಕಾಫಿ ಕುಯ್ಲು ಜೋರಾಗಿ ನಡೀತಿತ್ತು.

ಸಂಜೆ ತೂಕದ ಹೊತ್ತು. ಕೂಲಿ ಕೊಡೋದು ಕುಯ್ದ ಹಣ್ಣಿನ ಕೆಜಿ ಲೆಕ್ಕದಲ್ಲಿ. ಹೆಂಗಸರು ಒಬ್ಬೊಬ್ಬರಾಗಿ ಚೀಲ ಎಳೆದು ತಂದು ತಕ್ಕಡಿ ಮೇಲೆ ಇಡೋದು, ನಾನು ಪುಸ್ತಕದಲ್ಲಿ ಬರೆಯೋದು. 58 ಬಂತು, ಎರಡು ಹೋಗಿ 56. 61 ಬಂತು, 59. ಚೀಲದ ತೂಕ ಅಂತ ಎರಡು ಕೆಜಿ ಕಳೆಯೋದು ನಮ್ಮಲ್ಲಿ ಮಾಮೂಲು. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗಲೂ ಅಷ್ಟೇ ಕಳೀತಿದ್ದರು, ನಾನೂ ಕಳೀತಿದ್ದೆ. ಯಾಕೆ ಎರಡು ಅಂತ ಯಾರೂ ಕೇಳಿದ್ದಿಲ್ಲ.

ಕೊನೇಲಿ ಬಂದ ಅಕ್ಕ ಚೀಲ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡಿದರು.

"ಸಾವ್ಕಾರ್ರೇ, ಹಣೆ ಮೇಲೆ ಏನದು?"

"ಬೂದಿ ಕಣಕ್ಕ. ಇವತ್ತಿಂದ ನಲವತ್ತು ದಿನ ನಮ್ಮ ಉಪವಾಸ."

"ಓಹೋ. ಉಪವಾಸ ನಿಮ್ದು, ಎರಡು ಕೆಜಿ ಮಾತ್ರ ನಮ್ದು."

ಉಳಿದವರೆಲ್ಲ ನಕ್ಕರು, ನಾನೂ ನಕ್ಕೆ. ಎರಡು ಕಳೆದೇ ಬರೆದೆ.

ರಾತ್ರಿ ಎಲ್ಲರೂ ಹೋದ ಮೇಲೆ ಖಾಲಿ ಚೀಲ ತಕ್ಕಡಿ ಮೇಲೆ ಹಾಕಿ ನೋಡಿದೆ. ಗೋಣಿಚೀಲದ ಕಾಲದ ಲೆಕ್ಕ ಇರಬಹುದು ಅಂದುಕೊಂಡರೆ ಅದೂ ಎರಡು ಕೆಜಿ ತೂಗಲ್ಲ. ಈಗ ನಾವು ಕೊಡೋದು ರಸಗೊಬ್ಬರ ಬಂದ ಪ್ಲಾಸ್ಟಿಕ್ ಚೀಲ. ಇನ್ನೂರು ಗ್ರಾಮಿನ ಒಳಗೇ. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಚೀಲ, ಅಂದರೆ ಮೂರೂವರೆ ಕೆಜಿ ಹತ್ತಿರ. ಕೆಜಿಗೆ ಐದು ರೂಪಾಯಿ ಕೂಲಿ. ಹದಿನೇಳೂವರೆ ರೂಪಾಯಿ. ಹನ್ನೆರಡು ಜನ, ಮೂವತ್ತು ದಿನ: 6,300. ಕ್ರಿಸ್‌ಮಸ್‌ಗೆ ಚರ್ಚಿನ ಗೋದಲಿಗೆ ನಾನು ಕೊಟ್ಟ ಕಾಣಿಕೆ ಐದು ಸಾವಿರ. ಅದನ್ನು ನನ್ನ ಹೆಸರಿನ ಸಮೇತ ಪೂಜೆ ಮುಗಿದ ಮೇಲೆ ಓದಿದ್ದರು.

ಬೂದಿ ಬುಧವಾರ ಓದುವ ಬೈಬಲಿನ ಶುಭಸಂದೇಶ ಯಾವುದು ಅಂತ ನಮ್ಮವರಿಗೆ ನೆನಪಿರಬೇಕು. ಮತ್ತಾಯ ಆರನೇ ಅಧ್ಯಾಯ. ಜನ ನೋಡಲಿ ಅಂತ ಧರ್ಮಕಾರ್ಯ ಮಾಡಬೇಡಿ, ಉಪವಾಸ ಇದ್ದಾಗ ಮುಖ ತೊಳೆದುಕೊಳ್ಳಿ ಅಂತ. ಅದನ್ನು ಕೇಳಿಸಿಕೊಂಡು ಐದು ನಿಮಿಷಕ್ಕೆ ಹಣೆ ತುಂಬ ಬೂದಿ ಹಚ್ಚಿಸಿಕೊಂಡು ಬಸ್‌ಸ್ಟ್ಯಾಂಡಿನ ಎದುರೇ ನಡೆದು ಬರ್ತೀವಿ! ಅದೇ ಮತ್ತಾಯ ಒಂದು ಅಧ್ಯಾಯ ಹಿಂದೆ, ನಿಮ್ಮ ಒಳ್ಳೇ ಕೆಲಸ ಜನರಿಗೆ ಕಾಣುವ ಹಾಗೆ ಬೆಳಕು ಬೆಳಗಲಿ ಅನ್ನುತ್ತಾನೆ. ಎರಡೂ ಯೇಸುಸ್ವಾಮಿ ಒಂದೇ ಬೆಟ್ಟದ ಮೇಲೆ ಕೂತು ಆಡಿದ ಮಾತು. ಚಿಕ್ಕಂದಿನಿಂದ ಇದು ನನಗೆ ಒಗಟೇ. ತಕ್ಕಡಿ ಎದುರು ನಿಂತ ಆ ಸಂಜೆಯಿಂದ ಹೀಗೆ ಅನ್ನಿಸಿದೆ: ನಾವು ತೋರಿಸೋಕೆ ಹೊರಟದ್ದನ್ನು ಜನ ನೋಡೋದೇ ಇಲ್ಲ. ಅವರ ಕಣ್ಣಿರೋದು ನಾವು ಮರೆತ ಜಾಗದ ಮೇಲೆ. ಬೆಳಗಿನ ವಾಟ್ಸಾಪ್ ವಾಕ್ಯ, ಜೀಪಿನ ಗಾಜಿನ ಮೇಲಿನ ಸ್ಟಿಕರ್, ಕೊರಳಿನ ಜಪಸರ, ಇವೆಲ್ಲ ಆ ಅಕ್ಕನ ಲೆಕ್ಕಕ್ಕೆ ಬಂದೇ ಇರಲಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಇದು ಹೊಸ ಪಾಠ ಅಲ್ಲ. ಜನ 'ದೊಡ್ಡ ಸ್ವಾಮಿ' ಅಂತ ಕರೆದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ 1792ರಲ್ಲಿ ಈ ದೇಶಕ್ಕೆ ಬಂದು 1823ರಲ್ಲಿ ವಾಪಸ್ ಹೋದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲೇ ಹೆಚ್ಚು ಕಾಲ ಇದ್ದವರು. ಇಲ್ಲಿಯವರ ಹಾಗೆ ಬಟ್ಟೆ ಉಟ್ಟರು, ಮಾಂಸ ಬಿಟ್ಟರು, ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ದುಡಿದರು. ಅಷ್ಟು ವರ್ಷದಲ್ಲಿ ತಾನು ಕ್ರೈಸ್ತರನ್ನಾಗಿ ಮಾಡಿದ್ದು ಬರೀ ಇನ್ನೂರು ಮುನ್ನೂರು ಜನರನ್ನು ಅಂತ ಕೊನೆಗೆ ಅವರೇ ಬರೆದುಕೊಂಡರು. ನಮ್ಮ ಜನರ ಬಗ್ಗೆ ಅವರು ಬರೆದದ್ದೆಲ್ಲ ನನಗೆ ಒಪ್ಪಿಗೆಯಿಲ್ಲ, ಕೆಲವು ಓದಿದರೆ ಸಿಟ್ಟೇ ಬರುತ್ತೆ. ಆದರೆ ಸಿಡುಬಿನಿಂದ ಉಳಿದ ಮಗುವಿನ ತಾಯಿಗೆ ಪಾದ್ರಿಯ ಈ ಲೆಕ್ಕ ಯಾಕೆ ಬೇಕು?

ಇನ್ನೊಂದು ಮಾತು, ಗೊಣಗಾಟ ಅಂತಲೇ ಓದಿಕೊಳ್ಳಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು ನೂರಕ್ಕೆ 1.87. ಹೊರಗಿನವರಿಗೆ ಹಾಸನದ ಕ್ರೈಸ್ತರು ಅಂದರೆ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿ ಚರ್ಚಿನ ಫೋಟೊ, ಅಷ್ಟೇ. ಹಾಗಾಗಿ ಊರಿನಲ್ಲಿ ಒಂದೇ ಒಂದು ಕ್ರೈಸ್ತ ಮನೆ ಇದ್ದರೆ ಆ ಮನೆಯವನು ಕುಡಿದು ಬಿದ್ದರೂ, ಚೀಟಿ ದುಡ್ಡು ಕಟ್ಟದೆ ತಪ್ಪಿಸಿಕೊಂಡರೂ 'ಕ್ರಿಶ್ಚಿಯನ್ನರೇ ಹಂಗೆ' ಅಂತಾಗುತ್ತೆ. ಬೇರೆಯವರು ತಪ್ಪು ಮಾಡಿದರೆ ಅವರೊಬ್ಬರ ಹೆಸರು ಮಾತ್ರ ಕೆಡುತ್ತೆ. ಇದು ನ್ಯಾಯ ಅಲ್ಲ. ಮಾದರಿಯಾಗಿ ಬಾಳಿ ಅಂತ ಪ್ರಸಂಗ ಮಾಡುವ ಗುರುಗಳು ಈ ಭಾರದ ಬಗ್ಗೆ ಯಾಕೆ ಮಾತಾಡಲ್ಲ ಅಂತ ನನಗೆ ತಕರಾರಿದೆ.

ಆದರೂ ಚೀಲದ ತೂಕಕ್ಕೂ ಅಲ್ಪಸಂಖ್ಯಾತ ಆಗಿರೋದಕ್ಕೂ ಏನು ಸಂಬಂಧ, ಹೇಳಿ.

ಮಾರನೇ ದಿನವೇ ಬದಲಾಯಿಸಿಬಿಟ್ಟೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಒಂದು ವಾರ ಸುಮ್ಮನಿದ್ದೆ. ಆಮೇಲೆ ಪಾಪನಿವೇದನೆಗೆ ಹೋದಾಗ ಹೇಳಿದೆ. ಫಾದರ್ "ಪ್ರಾರ್ಥನೆ ಆಮೇಲೆ ಮಾಡು, ಮೊದಲು ಜಕ್ಕಾಯನ ಕತೆ ಓದು" ಅಂದರು. ಬೈಬಲಿನಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯ ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದವನು. ನಾನು ನಾಲ್ಕರಷ್ಟು ಕೊಡಲಿಲ್ಲ. ಆ ಸುಗ್ಗಿಯದ್ದು ಮಾತ್ರ ಲೆಕ್ಕ ಹಾಕಿ, ಕುಯ್ಲು ಮುಗಿದ ದಿನ ಬಟವಾಡೆ ಜೊತೆ ಸೇರಿಸಿ ಕೊಟ್ಟೆ. ಹಿಂದಿನ ವರ್ಷಗಳದ್ದು ಹಾಗೇ ಇದೆ. ಅಪ್ಪನ ಕಾಲದ್ದನ್ನು ಯೋಚಿಸೋಕೂ ಹೋಗಿಲ್ಲ.

ಈಗ ಖಾಲಿ ಚೀಲವನ್ನು ಎಲ್ಲರ ಎದುರೇ ತೂಗಿ ಅಷ್ಟೇ ಕಳೀತೀನಿ. ಇದಕ್ಕೆ ಮೊದಲು ತಗಾದೆ ತೆಗೆದದ್ದು ಚರ್ಚಿನಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ಕೂರುವವರು. "ನೀನೊಬ್ಬ ಸಂತ ಆಗೋಕೆ ಹೋಗಿ ನಮ್ಮ ಆಳುಗಳ ತಲೆ ಕೆಡಿಸ್ತೀಯಲ್ಲ ಮಾರಾಯ." ಅವರೂ ಒಳ್ಳೆಯವರೇ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಜೀಪು ತಗೊಂಡು ಬಂದವರು ಅವರೇ.

ಆ ಅಕ್ಕ ಈ ಸಲ ನಮ್ಮ ಕುಯ್ಲಿಗೆ ಬರಲಿಲ್ಲ. ಆ ಮುಂದಿನ ಬೆಂಚಿನವರ ತೋಟಕ್ಕೇ ಹೋಗಿದ್ದಾರೆ, ಅಲ್ಲಿ ಕೆಜಿಗೆ ಐವತ್ತು ಪೈಸೆ ಜಾಸ್ತಿ. ಸಂತೆಯಲ್ಲಿ ಸಿಕ್ಕಾಗ ಕೇಳಿದೆ, "ಅಲ್ಲಿ ಚೀಲಕ್ಕೆ ಎರಡು ಕೆಜಿ ಕಳೀತಾರಲ್ಲಕ್ಕ?"

"ಗೊತ್ತು ಸಾವ್ಕಾರ್ರೇ. ಕಳೆದ್ರೂ ದಿನಕ್ಕೆ ಮೂವತ್ತು ನಲವತ್ತು ರೂಪಾಯಿ ನಂಗೇ ಉಳೀತದೆ."

ಮನೆಗೆ ಬಂದು ಗುಣಿಸಿ ನೋಡಿದೆ. ಹೆಚ್ಚುಕಮ್ಮಿ ಸರಿಯಾಗೇ ಇತ್ತು.