ಆಟ ಗಮನಿಸದ ವೇಷ ವೇಷವೇ?

ಪ್ರಶ್ನೆ: ಕಂಪ್ಯೂಟರ್ ಆರ್‌ಪಿಜಿಗಳಲ್ಲಿ, ಅಂದರೆ ಒಂದು ಪಾತ್ರ ವಹಿಸಿ ಆಡುವ ಆಟಗಳಲ್ಲಿ, ಆಟವೇ ಗುರುತಿಸಿ ಉತ್ತರ ಕೊಡುವ ಪಾತ್ರಧಾರಣೆ ಮಾತ್ರ ನಿಜವಾದದ್ದೇ?

ಪರ: ಎದುರಿನಿಂದ ಮಾತು ಬರಬೇಕು

'ಕರ್ಣಭೇದನ' ತಾಳಮದ್ದಳೆಯಲ್ಲಿ ಕರ್ಣನ ಅರ್ಥಧಾರಿ ಎಂಥ ಘಟಾನುಘಟಿಯೇ ಆಗಿರಲಿ, ಎದುರಿಗೆ ಕುಳಿತ ಕೃಷ್ಣ ಬಾಯಿ ಬಿಡದಿದ್ದರೆ ಅದು ಬರೀ ಭಾಷಣ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ, ಮೇಜಿನ ಸುತ್ತ ಕುಳಿತು ಆಡುವ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'ನಲ್ಲಿ ಕೃಷ್ಣನ ಜಾಗಕ್ಕೆ ಮೇಜಿನಾಚೆ ಆಟ ನಡೆಸುವ ಒಬ್ಬ ಮನುಷ್ಯನಿದ್ದ. ನಾನು ಜಿಪುಣನ ಪಾತ್ರ ಹಿಡಿದರೆ ಆ ಜಿಪುಣತನಕ್ಕೆ ತಕ್ಕ ಬೆಲೆಯನ್ನು ಅವನು ತೆರಿಸುತ್ತಿದ್ದ. ಆಟ ಕಂಪ್ಯೂಟರಿಗೆ ಬಂದಾಗ ಮನುಷ್ಯ ಎದ್ದುಹೋದ, ಅವನ ಕೆಲಸ ಉಳಿಯಿತು. ಅದನ್ನು ಆಟದ ನಿಯಮಗಳೇ ಮಾಡಬೇಕು.

ಮಾಡಬಹುದು ಎಂಬುದಕ್ಕೆ 1997ರ 'ಫಾಲ್‌ಔಟ್' ಸಾಕ್ಷಿ. ಬುದ್ಧಿಯ ಅಂಕವನ್ನು ನಾಲ್ಕಕ್ಕಿಂತ ಕೆಳಗಿಟ್ಟು ಪಾತ್ರ ಕಟ್ಟಿದರೆ ಅವನ ಬಾಯಿಂದ ನೆಟ್ಟಗೆ ಒಂದು ವಾಕ್ಯ ಹೊರಡುವುದಿಲ್ಲ. ಎಷ್ಟೋ ಕೆಲಸಗಳನ್ನು ಜನ ಅವನಿಗೆ ವಹಿಸುವುದೇ ಇಲ್ಲ. ಮಾತುಗಾರನನ್ನು ಕಟ್ಟಿದರೆ ಕೊನೆಯ ಖಳ 'ಮಾಸ್ಟರ್'ನನ್ನು ಒಂದು ಗುಂಡೂ ಹಾರಿಸದೆ ಸೋಲಿಸಬಹುದು. ಅವನು ಸೃಷ್ಟಿಸಿದ ದೈತ್ಯರಿಗೆ ಮಕ್ಕಳಾಗುವುದಿಲ್ಲ ಎಂದು ಪುರಾವೆ ಮುಂದಿಟ್ಟರೆ ಸಾಕು, ತನ್ನ ನೆಲೆಯನ್ನು ತಾನೇ ಸ್ಫೋಟಿಸಿಕೊಳ್ಳುತ್ತಾನೆ. ಎರಡು ವೇಷ, ಎರಡು ಆಟ.

ಅದಕ್ಕೂ ಹಿಂದಿನದು 1985ರ 'ಅಲ್ಟಿಮಾ 4'. ಅಲ್ಲಿ ಕೊಲ್ಲಬೇಕಾದ ಮಹಾಖಳನೇ ಇಲ್ಲ, ಎಂಟು ಸದ್ಗುಣಗಳನ್ನು ರೂಢಿಸಿಕೊಳ್ಳುವುದೇ ಗುರಿ. ಮೂಲಿಕೆ ಮಾರುವವರಿಗೆ ಕಣ್ಣು ಕಾಣಿಸುವುದಿಲ್ಲ. ಎಷ್ಟು ನಾಣ್ಯ ಕೊಡುತ್ತೀರೆಂದು ನೀವೇ ಹೇಳಬೇಕು. ಕಡಿಮೆ ಕೊಟ್ಟು ಬಂದರೆ ಯಾರೂ ಗದರುವುದಿಲ್ಲ, ಆಟ ಮಾತ್ರ ಸದ್ದಿಲ್ಲದೆ ನಿಮ್ಮ ಪ್ರಾಮಾಣಿಕತೆಯ ಅಂಕ ಕಳೆಯುತ್ತದೆ.

ಇದಕ್ಕೆ ತದ್ವಿರುದ್ಧವಾದ 'ಸ್ಕೈರಿಮ್' (2011) ನೋಡಿ. ಎರಡು ಮೂರು ಮಂತ್ರ ಕಲಿತ ಕೊಡಲಿವೀರ ಮಾಂತ್ರಿಕರ ಕಾಲೇಜಿಗೇ ಮುಖ್ಯಸ್ಥನಾಗಿಬಿಡುತ್ತಾನೆ! ಇದೇ ಸರಣಿಯ 'ಮಾರೋವಿಂಡ್' (2002) ಸಂಘದಲ್ಲಿ ಬಡ್ತಿ ಬೇಕಾದರೆ ಅದಕ್ಕೆ ತಕ್ಕ ಕೌಶಲ ಕೇಳುತ್ತಿತ್ತು. ನಾನು ಯಾರೆಂದು ಬರೀ ಮನಸ್ಸಿನಲ್ಲಿ ಅಂದುಕೊಳ್ಳುವುದಾದರೆ ಅಷ್ಟು ದುಡ್ಡು ಕೊಟ್ಟು ಆಟ ಕೊಳ್ಳುವುದೇಕೆ?

ವಿರೋಧ: ಲೆಕ್ಕ ಶುರುವಾದರೆ ವೇಷ ಕಳಚುತ್ತದೆ

ಕರ್ಣಭೇದನವನ್ನೇ ಮುಂದುವರಿಸೋಣ. ಕೃಷ್ಣ ರಾತ್ರಿಯಿಡೀ ವಾದಿಸಿದರೂ ಕರ್ಣ ಪಾಂಡವರ ಕಡೆಗೆ ಬರುವುದಿಲ್ಲ. ಭಾಗವತರ ಮುಂದಿನ ಪದ ಮೊದಲೇ ಗೊತ್ತು. ಆದರೂ ಒಬ್ಬರ ಕರ್ಣ ಇನ್ನೊಬ್ಬರ ಕರ್ಣನಂತಿರುವುದಿಲ್ಲ. ಫಲ ಬದಲಾಗದ ಕಡೆಯೇ ಪಾತ್ರಧಾರಿಯ ಕಸುಬು ಕಾಣುವುದು.

ಆಟ ಲೆಕ್ಕ ಇಡತೊಡಗಿದರೆ ಏನಾಗುತ್ತದೆಂದು ನಾನು 'ಮಾಸ್ ಎಫೆಕ್ಟ್ 2'ರಲ್ಲಿ (2010) ಕಂಡೆ. ಸಜ್ಜನಿಕೆಗೆ ನೀಲಿ ಅಂಕ, ಒರಟುತನಕ್ಕೆ ಕೆಂಪು. ಅಂಕ ಸಾಲದಿದ್ದರೆ ಒಲಿಸುವ, ಬೆದರಿಸುವ ಮಾತುಗಳು ಪರದೆಯ ಮೇಲೆ ಮಸುಕಾಗಿ ನಿಲ್ಲುತ್ತವೆ, ಆರಿಸಲಾಗುವುದಿಲ್ಲ. ಹೀಗಾಗಿ ನಾನು ಆಡುತ್ತಿದ್ದ ನಾಯಕಿ ಶೆಪರ್ಡ್ ಈ ಹೊತ್ತಿನಲ್ಲಿ ಏನು ಹೇಳುತ್ತಿದ್ದಳು ಎಂದು ಯೋಚಿಸುವುದನ್ನು ಎರಡನೆಯ ದಿನಕ್ಕೇ ಬಿಟ್ಟೆ. ನೀಲಿ ಅಂಕ ತರುವ ಮೇಲಿನ ಸಾಲನ್ನೇ ಒತ್ತುತ್ತಾ ಹೋದೆ. ಅದು ಗುಮಾಸ್ತಿಕೆ. 'ಅಲ್ಟಿಮಾ 4'ರ ಮೂಲಿಕೆ ಅಂಗಡಿಯದೂ ಇದೇ ಕಥೆ: ಅಂಕ ಕಳೆಯುತ್ತದೆಂದು ತಿಳಿದ ಮೇಲೆ ಪೂರ್ತಿ ದುಡ್ಡು ಎಣಿಸುವವನನ್ನು ಪ್ರಾಮಾಣಿಕ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇನ್ನೊಂದು ತೊಡಕು: ಬರೆದವರು ಊಹಿಸಿದಷ್ಟು ವೇಷಗಳಿಗೆ ಮಾತ್ರ ಆಟದಲ್ಲಿ ಉತ್ತರವಿರುತ್ತದೆ. 'ಫಾಲ್‌ಔಟ್' ದಡ್ಡನನ್ನು ಬಲ್ಲದು, ಮಾತುಗಾರನನ್ನು ಬಲ್ಲದು. ಮೇಲೆ ಹೇಳಿದ ಆ ಜಿಪುಣ ಬಂದರೆ? ಅವನಿಗೆಂದು ಅಲ್ಲಿ ಅಂಕವೂ ಇಲ್ಲ, ಹೆಸರೂ ಇಲ್ಲ. ಅವನನ್ನು ಆಡುವವನೇ ಹೊತ್ತು ತಿರುಗಬೇಕು.

'ಪ್ಲೇನ್‌ಸ್ಕೇಪ್: ಟಾರ್ಮೆಂಟ್' (1999) ಕೆಲವೆಡೆ ಒಂದೇ ಮಾತನ್ನು ಎರಡು ಸಲ ಮುಂದಿಡುತ್ತದೆ, ಒಂದಕ್ಕೆ 'ನಿಜ' ಎಂಬ ಗುರುತು, ಇನ್ನೊಂದಕ್ಕೆ 'ಸುಳ್ಳು'. ಕೇಳುವವನ ಕಿವಿಗೆ ಎರಡೂ ಒಂದೇ. ಆಟ ಅದನ್ನೂ ಎಲ್ಲೋ ಬರೆದಿಟ್ಟುಕೊಳ್ಳುತ್ತದೆ, ಒಪ್ಪುತ್ತೇನೆ. ಆದರೆ ನನಗೆ ಇಂದಿಗೂ ನೆನಪಿರುವುದು ಒತ್ತುವ ಮುನ್ನ ಬೆರಳು ತಡೆದ ಆ ಗಳಿಗೆ.

'ಸ್ಕೈರಿಮ್'ನಲ್ಲಿ ನನ್ನವನೊಬ್ಬ ಬೇಟೆಗಾರನಿದ್ದಾನೆ. ನಕ್ಷೆ ಒತ್ತಿ ಊರಿಂದೂರಿಗೆ ಜಿಗಿಯುವುದಿಲ್ಲ, ನಡೆದೇ ಹೋಗುತ್ತಾನೆ. ತೊಗಲು ಮಾರಿ ಹೊಟ್ಟೆ ಹೊರೆಯುತ್ತಾನೆ, ಕತ್ತಲಾದರೆ ಹೋಟೆಲಿನಲ್ಲಿ ಮಲಗುತ್ತಾನೆ, ಕರಡಿ ಕಂಡರೆ ದಾರಿ ಬದಲಿಸುತ್ತಾನೆ. ಆಟಕ್ಕೆ ಇದಾವುದರ ಪರಿವೆಯೂ ಇಲ್ಲ. ಮಾಂತ್ರಿಕರ ಕಾಲೇಜಿನ ಮುಖ್ಯಸ್ಥನ ಕುರ್ಚಿ ಅವನಿಗೂ ಖಾಲಿಯೇ ಇದೆ. ಕಾಲೇಜಿಗೆ ಹೋಗುವ ಸೇತುವೆಯನ್ನು ಅವನು ಇನ್ನೂ ದಾಟಿಲ್ಲ.